ಮಳೆಯ ಅಂಕಿಗೆ ಜಿಲ್ಲೆಯ ಹೆಸರು ಹಾಕುವ ಮುನ್ನ

ಸಂಪಾದಕರಿಗೆ,

ಮಾನ್ಯರೆ,

ಈಚಿನ ದಿನಗಳಲ್ಲಿ ಪತ್ರಿಕೆಗಳಲ್ಲಿಯೂ ಮೊಬೈಲಿನಲ್ಲಿ ಹರಿದಾಡುವ ಸಂದೇಶಗಳಲ್ಲಿಯೂ ‘2050ರ ಹೊತ್ತಿಗೆ ಇಂಥ ಜಿಲ್ಲೆಯಲ್ಲಿ ಮಳೆ ಶೇಕಡಾ ಇಷ್ಟು ಹೆಚ್ಚಲಿದೆ’ ಎಂಬ ಧಾಟಿಯ ವರದಿಗಳು ಮೇಲಿಂದ ಮೇಲೆ ಬರುತ್ತಿವೆ. ಅಂಥದೊಂದನ್ನು ಓದಿದ ನಮ್ಮೂರಿನ ರೈತರೊಬ್ಬರು ಹೋದ ವಾರ ಹನುಮಪ್ಪನ ಗುಡಿಯ ಕಟ್ಟೆಯ ಬಳಿ ನನ್ನನ್ನು ನಿಲ್ಲಿಸಿ, “ಮಾಸ್ತರ್ರ, ನಮ್ಮ ಜಿಲ್ಲಾಕ್ಕ ಮುಂದ ಮಳಿ ಜಾಸ್ತಿ ಆಗತೈತಿ ಅಂತ ಬಂದೈತಲ್ರಿ, ಹಂಗಾದ್ರ ತೊಗರಿ ಬಿಟ್ಟು ಕಬ್ಬ ಹಚ್ಚಬಹುದೇನ್ರಿ?” ಎಂದು ಕೇಳಿದರು. ಕಟ್ಟೆಯ ಬಳಿ ನಿಂತು ಉತ್ತರಿಸಿ ಮುಗಿಸುವ ಪ್ರಶ್ನೆ ಅದಾಗಿರಲಿಲ್ಲ. ಕಬ್ಬಿನ ಮಾತು ಸದ್ಯಕ್ಕೆ ಬೇಡ ಎಂದಷ್ಟೇ ಹೇಳಿ ಬಂದೆ. ಯಾಕೆ ಬೇಡ ಎಂಬುದನ್ನು ವಿವರವಾಗಿ ಹೇಳಲು ತಮ್ಮ ಪತ್ರಿಕೆಯಲ್ಲಿ ಸ್ವಲ್ಪ ಜಾಗ ಕೊಡಬೇಕೆಂದು ಕೋರುತ್ತೇನೆ.

ನಾನು ವಿಜಯಪುರ ಜಿಲ್ಲೆಯ ಬಸವನ ಬಾಗೇವಾಡಿ ತಾಲ್ಲೂಕಿನ ಪ್ರೌಢಶಾಲೆಯೊಂದರಲ್ಲಿ ವಿಜ್ಞಾನ ಕಲಿಸಿ ನಿವೃತ್ತನಾದವನು. ಶಾಲೆಯ ಅಂಗಳದಲ್ಲಿ ನೆಟ್ಟಿದ್ದ ಮಳೆಮಾಪಕದ ನೀರನ್ನು ಪ್ರತಿದಿನ ಬೆಳಿಗ್ಗೆ ಎಂಟೂವರೆಗೆ ಗಾಜಿನ ಅಳತೆಪಾತ್ರೆಗೆ ಸುರಿದು, ಮಿಲಿಮೀಟರಿನಲ್ಲಿ ಬರೆದಿಡುವ ಕೆಲಸವನ್ನು ಇಪ್ಪತ್ತಾರು ವರ್ಷ ಮಾಡಿದ್ದೇನೆ. ನಾನು ಹವಾಮಾನ ವಿಜ್ಞಾನಿಯಲ್ಲ. ಆದರೆ ಮಳೆ ನಮ್ಮ ಸೀಮೆಗೆ ಯಾವ ರೀತಿಯಲ್ಲಿ ಬರುತ್ತದೆ ಎಂಬುದನ್ನು ಆ ದಫ್ತರದ ಪುಟಗಳು ನನಗೆ ಕಲಿಸಿವೆ. ಕಂಪ್ಯೂಟರ್ ಮಾದರಿಗಳು ಉಷ್ಣವಲಯದ ಮಳೆಯನ್ನು ಎಷ್ಟು ಸರಿಯಾಗಿ ಚಿತ್ರಿಸುತ್ತವೆ ಎಂಬ ಬಗ್ಗೆ ವಿಜ್ಞಾನಿಗಳೇ ಬರೆದುಕೊಂಡಿರುವುದನ್ನು ನಿವೃತ್ತಿಯ ನಂತರ ಓದುತ್ತ ಬಂದಿದ್ದೇನೆ. ಅವರು ಮುಚ್ಚುಮರೆಯಿಲ್ಲದೆ ಒಪ್ಪಿಕೊಂಡಿರುವ ಕೊರತೆಗಳು ವರದಿಯಾಗಿ ನಮ್ಮ ಊರಿಗೆ ಬರುವಷ್ಟರಲ್ಲಿ ಎಲ್ಲೋ ಕಳೆದುಹೋಗುತ್ತಿವೆ ಎಂಬುದೇ ನನ್ನ ಕಳವಳ.

ಗಾಳಿಯ ಚಲನೆ, ಶಾಖ ಮತ್ತು ನೀರಾವಿಗೆ ಸಂಬಂಧಿಸಿದ ಭೌತಶಾಸ್ತ್ರದ ನಿಯಮಗಳನ್ನು ಸಮೀಕರಣಗಳಾಗಿ ಬರೆದು, ಇಡೀ ವಾತಾವರಣವನ್ನೂ ಕಡಲನ್ನೂ ಚೌಕಗಳಾಗಿ ಭಾಗಿಸಿ, ಒಂದೊಂದು ಚೌಕದಲ್ಲಿಯೂ ಆ ಸಮೀಕರಣಗಳನ್ನು ಕಾಲಾನುಕ್ರಮದಲ್ಲಿ ಬಿಡಿಸುತ್ತ ಹೋಗುವ ದೊಡ್ಡ ಲೆಕ್ಕಕ್ಕೆ ಹವಾಮಾನ ಮಾದರಿ ಎನ್ನುತ್ತಾರೆ. ಇದು ಊಹಾಪೋಹದ ವಿದ್ಯೆಯಲ್ಲ. ಇದಕ್ಕೆ ಅಡಿಪಾಯ ಹಾಕಿದ ಸ್ಯುಕುರೊ ಮನಾಬೆ ಅವರಿಗೆ 2021ರಲ್ಲಿ ಭೌತಶಾಸ್ತ್ರದ ನೊಬೆಲ್ ಪ್ರಶಸ್ತಿ ಸಂದಿತು. ಗಾಳಿಯಲ್ಲಿ ಇಂಗಾಲದ ಡೈಆಕ್ಸೈಡ್ ಇಮ್ಮಡಿಯಾದರೆ ಭೂಮಿ ಸುಮಾರು 2.3 ಡಿಗ್ರಿ ಸೆಲ್ಸಿಯಸ್ ಬಿಸಿಯಾಗುತ್ತದೆ ಎಂದು ಅವರು ಸಹೋದ್ಯೋಗಿಯೊಂದಿಗೆ 1967ರಲ್ಲಿಯೇ ಲೆಕ್ಕ ಹಾಕಿದ್ದರು. ಅರ್ಧ ಶತಮಾನದ ಸಂಶೋಧನೆಯ ನಂತರವೂ ಆ ಅಂಕಿ ಇಂದಿನ ಅಂದಾಜಿನ ವ್ಯಾಪ್ತಿಯ ಒಳಗೇ ಇದೆ. ಉಷ್ಣತೆಯ ವಿಷಯದಲ್ಲಿ ಮಾದರಿಗಳು ಇಷ್ಟರಮಟ್ಟಿಗೆ ನಂಬಿಕೆ ಗಳಿಸಿರುವುದರಿಂದ ಮಳೆಯ ವಿಷಯದಲ್ಲಿಯೂ ಅಷ್ಟೇ ನಂಬಬಹುದು ಎಂದು ಓದುಗರು ಭಾವಿಸುವುದು ಸಹಜ. ತಪ್ಪು ಆಗುವುದು ಇಲ್ಲಿಯೇ.

ಮೊದಲನೆಯದಾಗಿ ಚೌಕದ ಅಳತೆಯನ್ನು ನೋಡೋಣ. ಹವಾಮಾನ ಬದಲಾವಣೆಯ ಕುರಿತ ವಿಶ್ವಸಂಸ್ಥೆಯ ವಿಜ್ಞಾನಿಗಳ ಸಮಿತಿಯಾದ ಐಪಿಸಿಸಿಯ 2021ರ ವರದಿಗೆ ಆಧಾರವಾದ ಜಾಗತಿಕ ಮಾದರಿಗಳಲ್ಲಿ ಬಹುಪಾಲಿನವುಗಳ ಚೌಕ ಒಂದೊಂದು ಬದಿಗೆ ಸುಮಾರು ನೂರು ಕಿಲೋಮೀಟರು. ಕೆಲವದು ಅದಕ್ಕಿಂತ ಚಿಕ್ಕದು, ಕೆಲವದು ದೊಡ್ಡದು. ನೂರು ಕಿಲೋಮೀಟರಿನ ಚೌಕವೆಂದರೆ ಹತ್ತು ಸಾವಿರ ಚದರ ಕಿಲೋಮೀಟರು. ನಮ್ಮ ವಿಜಯಪುರ ಜಿಲ್ಲೆಯ ಒಟ್ಟು ವಿಸ್ತೀರ್ಣ ಸುಮಾರು ಹತ್ತೂವರೆ ಸಾವಿರ ಚದರ ಕಿಲೋಮೀಟರು. ಇಂಡಿಯಿಂದ ಮುದ್ದೇಬಿಹಾಳದವರೆಗೆ, ಸಿಂದಗಿಯಿಂದ ತಿಕೋಟಾದವರೆಗೆ ಹರಡಿರುವ ಇಡೀ ಜಿಲ್ಲೆ ಆ ಮಾದರಿಯ ಕಣ್ಣಿಗೆ ಹೆಚ್ಚುಕಡಿಮೆ ಒಂದೇ ಒಂದು ಚುಕ್ಕೆ. ಆ ಚುಕ್ಕೆಗೆ ಒಂದೇ ಮಳೆ, ಒಂದೇ ಉಷ್ಣತೆ, ಒಂದೇ ಎತ್ತರ. ಬಾಗಲಕೋಟೆ ಜಿಲ್ಲೆಗಂತೂ ಒಂದು ಪೂರ್ತಿ ಚೌಕವೂ ಸಿಗುವುದಿಲ್ಲ. ಊರಿನ ಮೂಡಣ ಹೊಲದಲ್ಲಿ ಹರಗಿ ಬಿಟ್ಟ ಸಾಲುಗಳಲ್ಲಿ ನೀರು ನಿಂತಿರುವಾಗ ಪಡುವಣ ಹೊಲದಲ್ಲಿ ಧೂಳು ಏಳುತ್ತಿರುವುದನ್ನು ಕಂಡವರಿಗೆ ಈ ಅಳತೆಯ ಅರ್ಥವನ್ನು ಬಿಡಿಸಿ ಹೇಳಬೇಕಾಗಿಲ್ಲ.

ಬೆಳಗಾವಿ ಜಿಲ್ಲೆಯನ್ನು ತೆಗೆದುಕೊಂಡರೆ ತೊಡಕು ಇನ್ನೂ ಸ್ಪಷ್ಟವಾಗುತ್ತದೆ. ಖಾನಾಪುರ ತಾಲ್ಲೂಕಿನ ಕಣಕುಂಬಿಯಲ್ಲಿ, ಮಲಪ್ರಭೆ ಹುಟ್ಟುವಲ್ಲಿ, ಮಳೆಗಾಲವೆಂದರೆ ತಿಂಗಳುಗಟ್ಟಲೆ ಬಿಡದೆ ಸುರಿಯುವ ಮಳೆ. ಅಲ್ಲಿ ವರ್ಷಕ್ಕೆ ಹಲವು ಸಾವಿರ ಮಿಲಿಮೀಟರ್ ಬೀಳುತ್ತದೆ. ನೇರ ಗೆರೆ ಎಳೆದರೆ ನಲವತ್ತು ಕಿಲೋಮೀಟರಿಗೂ ಕಡಿಮೆ ದೂರದ ಬೆಳಗಾವಿ ನಗರದಲ್ಲಿ ಅದು ಸುಮಾರು 1,200 ಮಿಲಿಮೀಟರಿಗೆ ಇಳಿಯುತ್ತದೆ. ಇನ್ನೂ ಮೂಡಣಕ್ಕೆ, ಅಥಣಿ ಮತ್ತು ರಾಮದುರ್ಗದ ಕಡೆಗೆ ಬಂದರೆ, ಆರು ನೂರರ ಆಸುಪಾಸಿಗೆ ಬಂದು ನಿಲ್ಲುತ್ತದೆ. ಅರಬ್ಬಿ ಸಮುದ್ರದಿಂದ ಬರುವ ತೇವದ ಗಾಳಿಯನ್ನು ಸಹ್ಯಾದ್ರಿ ತಡೆದು ಮೇಲಕ್ಕೆತ್ತಿ, ತನ್ನ ಪಡುವಣ ಮೈಗೆ ಹಿಂಡಿಕೊಂಡು, ನಮಗೆ ಒಣಗಾಳಿಯನ್ನು ಕಳಿಸುವುದರಿಂದ ಹೀಗಾಗುತ್ತದೆ. ಪಣಜಿಯಿಂದ ಬೆಳಗಾವಿಗೆ ನೇರ ದೂರ ಎಂಬತ್ತು ಕಿಲೋಮೀಟರಿನಷ್ಟು ಮಾತ್ರ. ಆದ್ದರಿಂದ ನೂರು ಕಿಲೋಮೀಟರಿನ ಚೌಕದಲ್ಲಿ ಕಡಲತೀರ, ಘಟ್ಟ, ಮಲೆನಾಡಿನ ಸೆರಗು, ಬಯಲು ಎಲ್ಲವೂ ಕಲಸಿಹೋಗಿ ಘಟ್ಟವು ಒಂದು ಸಣ್ಣ ದಿಬ್ಬವಾಗಿಬಿಡುತ್ತದೆ. ದಿಬ್ಬಕ್ಕೆ ಘಟ್ಟದಷ್ಟು ಮಳೆಯನ್ನು ಹಿಂಡುವ ಶಕ್ತಿಯಿಲ್ಲ. ಹೀಗಾಗಿ ಘಟ್ಟದಲ್ಲಿ ಬೀಳಬೇಕಾದ ಮಳೆಯನ್ನು ಮಾದರಿಯು ಕಡಿಮೆ ಮಾಡಿ ತೋರಿಸುತ್ತದೆ, ಮಳೆಯ ನೆರಳಿನಲ್ಲಿರುವ ನಮ್ಮ ಕಡೆಗೆ ತೆಳುವಾಗಿ ಹರಡಿಯೂ ಬಿಡಬಹುದು.

ಘಟ್ಟದ ತೊಡಕನ್ನು ಚೌಕ ಚಿಕ್ಕದಾಗಿಸಿ ಬಹುಮಟ್ಟಿಗೆ ತಿದ್ದಬಹುದು. ಮೋಡದ ತೊಡಕು ಅಷ್ಟು ಸುಲಭದ್ದಲ್ಲ. ಉಷ್ಣವಲಯದ ಮಳೆಯ ವಿಷಯದಲ್ಲಿ ಜಗತ್ತಿನ ವಿಜ್ಞಾನಿಗಳು ದಶಕಗಳಿಂದ ಹೆಣಗುತ್ತಿರುವುದು ಇದರೊಂದಿಗೇ.

ಯುರೋಪಿನಂಥ ಸಮಶೀತೋಷ್ಣ ನಾಡುಗಳಲ್ಲಿ ಚಳಿಗಾಲದ ಮಳೆಯನ್ನು ತರುವುದು ಸಾವಿರಾರು ಕಿಲೋಮೀಟರು ಹರಡಿದ ಗಾಳಿಯ ಸುಳಿಗಳು. ತಣ್ಣನೆಯ ಗಾಳಿಯೂ ಬೆಚ್ಚನೆಯ ಗಾಳಿಯೂ ಸಂಧಿಸುವ ಆ ಗಡಿಗಳು ನೂರು ಕಿಲೋಮೀಟರಿನ ಚೌಕಗಳ ಜಾಲದಲ್ಲಿಯೂ ಸಿಕ್ಕಿಬೀಳುವಷ್ಟು ದೊಡ್ಡವು. ನಮ್ಮಲ್ಲಿ ಹಾಗಿಲ್ಲ. ಉಷ್ಣವಲಯದಲ್ಲಿ ಒಂದು ಊರಿಗೂ ಇನ್ನೊಂದು ಊರಿಗೂ ಗಾಳಿಯ ಉಷ್ಣತೆಯಲ್ಲಿ ಹೆಚ್ಚು ವ್ಯತ್ಯಾಸವಿರುವುದಿಲ್ಲ. ನೆಲ ಕಾದು, ತೇವದ ಗಾಳಿ ಕಂಬದಂತೆ ನೆಟ್ಟಗೆ ಮೇಲೇರಿ, ಕೆಲವೇ ಕಿಲೋಮೀಟರು ಅಗಲದ, ಆದರೆ ಹತ್ತು ಹದಿನೈದು ಕಿಲೋಮೀಟರು ಎತ್ತರದ ಗುಡುಗಿನ ಮೋಡ ಕಟ್ಟುತ್ತದೆ. ಮಳೆ ಬೀಳುವುದು ಅದರಿಂದ. ನೂರು ಕಿಲೋಮೀಟರಿನ ಚೌಕಕ್ಕೆ ಆ ಮೋಡ ಕಾಣಿಸುವುದೇ ಇಲ್ಲ. ಆದ್ದರಿಂದ ಮಾದರಿ ಬರೆಯುವವರು ಒಂದು ಅಂದಾಜಿನ ಸೂತ್ರವನ್ನು ಸೇರಿಸಿರುತ್ತಾರೆ: ಚೌಕದ ಸರಾಸರಿ ತೇವ ಇಷ್ಟು, ಉಷ್ಣತೆ ಇಷ್ಟು ಇದ್ದರೆ ಅದರೊಳಗೆ ಎಲ್ಲೋ ಇಷ್ಟು ಮೋಡ ಕಟ್ಟಿರಬೇಕು, ಇಷ್ಟು ಮಳೆ ಬಿದ್ದಿರಬೇಕು ಎಂದು. ಸೂತ್ರ ಒಂದೊಂದು ಸಂಶೋಧನಾ ಕೇಂದ್ರದಲ್ಲಿ ಒಂದೊಂದು ಬಗೆ. ಭೌತಶಾಸ್ತ್ರದ ಮೂಲ ನಿಯಮಗಳಲ್ಲಿ ಎಲ್ಲ ಮಾದರಿಗಳೂ ಒಂದಾಗಿದ್ದರೂ ಮಳೆಯಲ್ಲಿ ಇಷ್ಟೊಂದು ಬೇರೆಯಾಗುವುದಕ್ಕೆ ಮುಖ್ಯ ಕಾರಣ ಈ ಸೂತ್ರವೇ.

ಇದರ ಮೇಲೆ ಇನ್ನೊಂದು ಕಷ್ಟವಿದೆ. ಒಂದು ಕಿಲೋ ನೀರಾವಿ ತಣಿದು ನೀರಾಗುವಾಗ ಸುಮಾರು 25 ಲಕ್ಷ ಜೂಲ್ ಶಾಖ ಗಾಳಿಗೆ ಬಿಡುಗಡೆಯಾಗುತ್ತದೆ. ಒಂದು ಚದರ ಮೀಟರ್ ನೆಲದ ಮೇಲೆ ಒಂದು ಮಿಲಿಮೀಟರ್ ಮಳೆ ಬಿತ್ತೆಂದರೆ ಅಷ್ಟು ಶಾಖ ಮೇಲಿನ ಗಾಳಿಗೆ ಸೇರಿತೆಂದೇ ಲೆಕ್ಕ. ಆ ಶಾಖವೇ ಗಾಳಿಯನ್ನು ಮತ್ತೆ ಮೇಲೆತ್ತಿ, ಸುತ್ತಲಿನ ಗಾಳಿಯನ್ನು ಎಳೆದುಕೊಂಡು, ಮುಂಗಾರಿನ ಇಡೀ ಯಂತ್ರವನ್ನು ನಡೆಸುತ್ತದೆ. ನಮ್ಮ ನಾಡುಗಳಲ್ಲಿ ಮಳೆ ಗಾಳಿಯನ್ನು ಹಿಂಬಾಲಿಸುವುದಷ್ಟೇ ಅಲ್ಲದೆ ಗಾಳಿಯ ದಿಕ್ಕನ್ನೂ ತಾನೇ ತಿರುಗಿಸಬಲ್ಲದು. ಮಾದರಿಯು ಮಳೆಯನ್ನು ತಪ್ಪು ಜಾಗದಲ್ಲಿ ಸುರಿಸಿದರೆ ಗಾಳಿಯೂ ತಪ್ಪು ದಾರಿ ಹಿಡಿಯುತ್ತದೆ, ಹಾಗೆ ದಾರಿ ತಪ್ಪಿದ ಗಾಳಿ ಮುಂದಿನ ಮಳೆಯನ್ನೂ ಕೆಡಿಸುತ್ತದೆ.

ಈ ತಪ್ಪುಗಳು ಯಾವ ರೂಪದಲ್ಲಿ ಕಾಣಿಸಿಕೊಳ್ಳುತ್ತವೆ ಎಂಬುದರಲ್ಲಿ ನಮ್ಮ ರೈತರಿಗೆ ಅತಿ ಮುಖ್ಯವಾದದ್ದು ಒಂದಿದೆ. ಮಾದರಿಗಳು ತೀರ ಹೆಚ್ಚು ದಿನ, ತೀರ ಮೆಲ್ಲಗೆ ಮಳೆ ಸುರಿಸುತ್ತವೆ. ಕ್ಲೌಡ್‌ಸ್ಯಾಟ್ ಎಂಬ ಉಪಗ್ರಹದ ರಾಡಾರ್ ಅಳತೆಗಳೊಂದಿಗೆ ಹೋಲಿಸಿ 2010ರಲ್ಲಿ ಪ್ರಕಟವಾದ ಅಧ್ಯಯನವೊಂದು, ಸಾಗರಗಳ ಮೇಲೆ ಮಾದರಿಗಳು ನಿಜಕ್ಕಿಂತ ಸುಮಾರು ಎರಡು ಪಟ್ಟು ಹೆಚ್ಚು ಸಲ ಮಳೆ ಬರಿಸುತ್ತವೆ, ಬಂದ ಮಳೆ ತೀರ ಹಗುರವಾಗಿರುತ್ತದೆ ಎಂದು ತೋರಿಸಿತು. ಅಂದಿನಿಂದ ಸುಧಾರಣೆಯಾಗಿದ್ದರೂ ಈ ದೋಷ ಪೂರ್ತಿ ಹೋಗಿಲ್ಲ, ನೆಲದ ಮೇಲೂ ಇದೆ. ವರ್ಷದ ಮೊತ್ತವನ್ನು ಮಾತ್ರ ನೋಡಿದರೆ ಇದು ಗೊತ್ತೇ ಆಗುವುದಿಲ್ಲ. ಹತ್ತು ದಿನ ಮೂರು ಮೂರು ಮಿಲಿಮೀಟರ್ ಬಿದ್ದರೂ ಮೂವತ್ತು, ಒಂದೇ ಸಂಜೆ ಒಂದು ತಾಸಿನಲ್ಲಿ ಬಿದ್ದರೂ ಮೂವತ್ತು.

ನಮ್ಮ ಹೊಲಕ್ಕೆ ಈ ಎರಡು ಮೂವತ್ತುಗಳು ಒಂದೇ ಅಲ್ಲ. ಹವಾಮಾನ ಇಲಾಖೆಯ ಲೆಕ್ಕದಲ್ಲಿ ಎರಡೂವರೆ ಮಿಲಿಮೀಟರ್ ಅಥವಾ ಅದಕ್ಕಿಂತ ಹೆಚ್ಚು ಬಿದ್ದ ದಿನ ಮಾತ್ರ ಮಳೆಯ ದಿನ. ಅಂಥ ದಿನಗಳು ನಮ್ಮಲ್ಲಿ ವರ್ಷಕ್ಕೆ ನಲವತ್ತರ ಸುತ್ತಮುತ್ತ. ನನ್ನ ದಫ್ತರದಲ್ಲಿ ಪುಟಗಟ್ಟಲೆ ಸೊನ್ನೆಗಳ ನಡುವೆ ನಾಲ್ಕೈದು ದೊಡ್ಡ ಅಂಕಿಗಳು ಕಾಣಿಸುತ್ತವೆ. ವರ್ಷದ ಬೆಳೆಯನ್ನು ನಿರ್ಧರಿಸುವುದು ಆ ನಾಲ್ಕೈದು ಅಂಕಿಗಳೇ. ಹಿಂಗಾರಿ ಜೋಳ ಬಿತ್ತಿದ ಮೇಲೆ ಮಳೆಯನ್ನು ಕೇಳುವುದು ಕಡಿಮೆ. ಹುಬ್ಬಿ, ಉತ್ತರಿ, ಹಸ್ತ ಮಳೆಗಳಲ್ಲಿ ಎರಿಮಣ್ಣು ಕುಡಿದಿಟ್ಟುಕೊಂಡ ಹಸಿಯ ಮೇಲೆಯೇ ಅದು ತೆನೆ ಹಿರಿಯುತ್ತದೆ. ಬಿತ್ತುವ ಮುನ್ನ ರೈತ ಹೊಲದ ನಡುವೆ ಕುಕ್ಕರಗಾಲಲ್ಲಿ ಕೂತು, ಕುಡುಗೋಲಿನ ತುದಿಯಿಂದ ಗೇಣುದ್ದ ಕೆದರಿ, ಕೆಳಗಿನ ಮಣ್ಣನ್ನು ಮುಷ್ಟಿಯಲ್ಲಿ ಹಿಡಿದು ಉಂಡೆ ಕಟ್ಟಿ ನೋಡುತ್ತಾನೆ. ಉಂಡೆ ನಿಂತರೆ ಕೂರಿಗೆ ಹೂಡುತ್ತಾನೆ, ಉದುರಿದರೆ ಇನ್ನೊಂದು ಮಳೆಯ ದಾರಿ ಕಾಯುತ್ತಾನೆ. ಮೂರು ಮಿಲಿಮೀಟರಿನ ಜಿಟಿಜಿಟಿ ಮಳೆ ಹತ್ತು ದಿನ ಬಂದರೂ ಬಿಸಿಲಿಗೆ ಆರಿಹೋಗಿ ಆ ಉಂಡೆಯನ್ನು ನಿಲ್ಲಿಸಲಾರದು. ಅದೇ ಮೂವತ್ತು ಮಿಲಿಮೀಟರು ಹದವಾಗಿ ಒಂದು ರಾತ್ರಿ ಸುರಿದರೆ ನಿಲ್ಲಿಸುತ್ತದೆ. ಒಂದೇ ತಾಸಿನಲ್ಲಿ ರಭಸವಾಗಿ ಬಿದ್ದರೆ ಒಡ್ಡು ಒಡೆದು ಮೇಲ್ಮಣ್ಣನ್ನೇ ಡೋಣಿ ಹೊಳೆಗೆ ಒಯ್ಯುತ್ತದೆ. ಮಳೆಯ ಈ ಸ್ವಭಾವವನ್ನೇ ಹಿಡಿಯಲಾರದ ಲೆಕ್ಕದಿಂದ ವರ್ಷದ ಮೊತ್ತವನ್ನು ತೆಗೆದು, ಅದರ ಆಧಾರದ ಮೇಲೆ ಬೆಳೆ ಬದಲಿಸಿ ಎಂದು ಹೇಳುವುದು ನನಗೆ ಒಪ್ಪಿಗೆಯಾಗುವುದಿಲ್ಲ.

ಹೊತ್ತಿನ ವಿಷಯವನ್ನೂ ಹೇಳಬೇಕು. ನೆಲದ ಮೇಲಿನ ಗುಡುಗಿನ ಮಳೆ ಇಳಿಹೊತ್ತಿಗೆ, ಇಲ್ಲವೇ ಸಂಜೆ ರಾತ್ರಿಗೆ ಬರುತ್ತದೆಯೆಂಬುದು ಎಮ್ಮೆ ಕಾಯುವ ಹುಡುಗನಿಗೂ ಗೊತ್ತು. ಅನೇಕ ಮಾದರಿಗಳಲ್ಲಿ ಅದು ನಡುಹಗಲಿಗೇ ಬಂದುಬಿಡುತ್ತದೆ. ಮೋಡ ಕಟ್ಟಿ ಬೆಳೆಯಲು ಬೇಕಾದ ತಾಸುಗಳನ್ನು ಸೂತ್ರವು ಲೆಕ್ಕಕ್ಕೆ ಹಿಡಿಯದೆ, ನೆಲ ಕಾದ ಕೂಡಲೇ ಮಳೆ ಸುರಿಸಿಬಿಡುವುದೇ ಇದಕ್ಕೆ ಕಾರಣ.

ಇನ್ನು ದೊಡ್ಡ ಅಳತೆಯ ದೋಷಗಳು. ಸಮಭಾಜಕದ ಬಳಿ ಭೂಮಿಯನ್ನು ಸುತ್ತುವರಿದ ಮಳೆಯ ಪಟ್ಟಿಯೊಂದಿದೆ. ಪೆಸಿಫಿಕ್ ಸಾಗರದಲ್ಲಿ ಅದು ವರ್ಷದ ಬಹುಪಾಲು ಸಮಭಾಜಕದ ಉತ್ತರಕ್ಕಿರುತ್ತದೆ. ಮಾದರಿಗಳಲ್ಲಿ ದಕ್ಷಿಣದಲ್ಲಿಯೂ ಅಂಥದೇ ಇನ್ನೊಂದು ಪಟ್ಟಿ ಹುಟ್ಟಿಕೊಳ್ಳುತ್ತದೆ. ಮೂರು ತಲೆಮಾರಿನ ಮಾದರಿಗಳು ಬಂದುಹೋದರೂ ಈ ಜೋಡಿಪಟ್ಟಿಯ ದೋಷ ಪೂರ್ಣವಾಗಿ ತೊಲಗಿಲ್ಲ. ನಮಗೆ ಹತ್ತಿರದ ದೋಷವೆಂದರೆ, ಅನೇಕ ಮಾದರಿಗಳು ಹಿಂದೂ ಮಹಾಸಾಗರದ ಸಮಭಾಜಕದ ಬಳಿ ಹೆಚ್ಚು ಮಳೆ ಸುರಿಸಿ ಭಾರತದ ನೆಲವನ್ನು ಒಣಗಿಸಿಬಿಡುತ್ತವೆ. ಕೆಲವು ಮಾದರಿಗಳಲ್ಲಿ ಅರಬ್ಬಿ ಸಮುದ್ರ ಇರಬೇಕಾದುದಕ್ಕಿಂತ ತಣ್ಣಗಿದ್ದು, ಅಲ್ಲಿಂದ ಏಳಬೇಕಾದ ತೇವ ಏಳುವುದಿಲ್ಲ. ಜೂನಿನಿಂದ ಸೆಪ್ಟೆಂಬರಿನವರೆಗೆ ಮುಂಗಾರು ಎರಡು ಮೂರು ವಾರ ಜೋರು ಹಿಡಿದು ಆಮೇಲೆ ಕೈಕೊಡುವ ಏರಿಳಿತ ನಮ್ಮ ರೈತರ ಬದುಕನ್ನು ಆಳುವಂಥದು. ಅದರ ಹಿಂದೆ ಸಮಭಾಜಕದ ಉದ್ದಕ್ಕೂ ಮೂವತ್ತರಿಂದ ಅರವತ್ತು ದಿನಗಳ ಲಯದಲ್ಲಿ ಚಲಿಸುವ ಮೋಡಗಳ ಗುಂಪಿನ ಕೈವಾಡವಿರುತ್ತದೆ; ಮ್ಯಾಡನ್ ಮತ್ತು ಜೂಲಿಯನ್ ಎಂಬ ವಿಜ್ಞಾನಿಗಳು 1971ರಲ್ಲಿ ಇದನ್ನು ಗುರುತಿಸಿದರು. ಈ ಲಯವನ್ನು ಹೊಸ ಮಾದರಿಗಳು ಹಳೆಯವಕ್ಕಿಂತ ಚೆನ್ನಾಗಿ ಹಿಡಿಯುತ್ತವೆ, ಆದರೂ ಅನೇಕವುಗಳಲ್ಲಿ ಅದು ಇನ್ನೂ ದುರ್ಬಲವಾಗಿದೆ.

ಕಳೆದುಹೋದ ಕಾಲದ ಮಳೆಯನ್ನೇ ಮಾದರಿಗಳ ಮುಂದಿಟ್ಟು ಪರೀಕ್ಷಿಸಿದರೆ ಏನು ಕಾಣುತ್ತದೆ? ಕೇಂದ್ರದ ಭೂ ವಿಜ್ಞಾನ ಸಚಿವಾಲಯ 2020ರಲ್ಲಿ ಪ್ರಕಟಿಸಿದ ಮೌಲ್ಯಮಾಪನದ ಪ್ರಕಾರ 1951ರಿಂದ 2015ರವರೆಗೆ ಭಾರತದ ಮುಂಗಾರು ಮಳೆ ಸುಮಾರು ಶೇ 6ರಷ್ಟು ತಗ್ಗಿತು. ಆ ಇಳಿಕೆ ಎದ್ದು ಕಂಡದ್ದು ಗಂಗಾ ಬಯಲಿನಲ್ಲಿ ಮತ್ತು ಪಶ್ಚಿಮ ಘಟ್ಟದಲ್ಲಿ. ಮುಂದಿನ ದಶಕಗಳಲ್ಲಿ ದಕ್ಷಿಣ ಏಷ್ಯಾದ ಮುಂಗಾರು ಮಳೆ ಹೆಚ್ಚುತ್ತದೆ ಎಂದು ಮಾದರಿಗಳು ಒಟ್ಟಾರೆಯಾಗಿ ಹೇಳುತ್ತವೆ, ಐಪಿಸಿಸಿಯೂ ಇದನ್ನು ಒಪ್ಪಿದೆ. ಎರಡೂ ಏಕಕಾಲಕ್ಕೆ ನಿಜವಾಗಿರಬಹುದು. ಹೊಗೆ, ಮಸಿ, ಗಂಧಕದ ಕಣಗಳು ಬಿಸಿಲನ್ನು ತಡೆದು ಮುಂಗಾರನ್ನು ಕುಗ್ಗಿಸಿದವು, ಮುಂದೆ ಆ ಮಾಲಿನ್ಯ ಇಳಿದು ಹಸಿರುಮನೆ ಅನಿಲಗಳ ಪ್ರಭಾವ ಮೇಲುಗೈಯಾಗುತ್ತದೆ ಎಂಬ ವಿವರಣೆಯನ್ನು ವಿಜ್ಞಾನಿಗಳು ಕೊಡುತ್ತಾರೆ. ವಿವರಣೆ ತರ್ಕಬದ್ಧವಾಗಿದೆ ಎಂದು ನನಗೂ ಅನಿಸುತ್ತದೆ. ಆದರೆ ನಾವು ಕಣ್ಣಾರೆ ಕಂಡ ಅರವತ್ತೈದು ವರ್ಷ ಒಂದು ದಿಕ್ಕಿಗೆ, ಮುಂದಿನ ಭರವಸೆ ಇನ್ನೊಂದು ದಿಕ್ಕಿಗೆ ಇರುವಾಗ ಆ ಸಂಗತಿಯನ್ನು ಓದುಗರಿಗೆ ತಿಳಿಸದೆ ಬರೀ ‘ಹೆಚ್ಚಲಿದೆ’ ಎಂದು ಬರೆಯುವುದು ಅರ್ಧ ಸತ್ಯವಾಗುತ್ತದೆ.

ಜಿಲ್ಲೆಗೊಂದು ಅಂಕಿ ಎಂಬುದು ಹೇಗೆ ತಯಾರಾಗುತ್ತದೆ ಎಂಬುದನ್ನೂ ಓದುಗರು ತಿಳಿಯಬೇಕು. ಒಂದು ಮಾದರಿ ನಮ್ಮ ಚೌಕದಲ್ಲಿ ಮಳೆ ಶೇ 20ರಷ್ಟು ಏರುತ್ತದೆ ಎಂದಿತು, ಇನ್ನೊಂದು ಶೇ 10ರಷ್ಟು ಇಳಿಯುತ್ತದೆ ಎಂದಿತು ಎನ್ನೋಣ. ಸರಾಸರಿ ಶೇ 5ರ ಏರಿಕೆ ಎಂದು ಅಚ್ಚಾಗುತ್ತದೆ. ಹಾಗೆಂದು ಎರಡರಲ್ಲಿ ಯಾವುದೂ ಹೇಳಿರಲಿಲ್ಲ. ಇನ್ನು ತಿದ್ದುಪಡಿಯ ಮಾತು. ಕಳೆದ ಕಾಲದ ಮಳೆಯನ್ನು ಮಾದರಿಯು 900 ಮಿಲಿಮೀಟರ್ ಎಂದು ತೋರಿಸಿ ಮಳೆಮಾಪಕ 600 ಎಂದಿದ್ದರೆ, ಮಾದರಿಯ ಎಲ್ಲ ಅಂಕಿಗಳನ್ನೂ ಮೂರರಲ್ಲಿ ಎರಡು ಪಾಲಿಗೆ ಇಳಿಸಿ ಹೊಂದಿಸಿಬಿಡುತ್ತಾರೆ. ವಿಧಾನಗಳು ಇದಕ್ಕಿಂತ ಸೂಕ್ಷ್ಮವಾಗಿರುತ್ತವೆ ಎಂಬುದು ನಿಜ, ಹುರುಳು ಮಾತ್ರ ಇದೇ. ಹೀಗೆ ಮಾಡಿದ ಮೇಲೆ ಹಳೆಯ ಕಾಲದ ಅಂಕಿ ಮಳೆಮಾಪಕಕ್ಕೆ ಚೆನ್ನಾಗಿ ಕೂಡಿಬರುತ್ತದೆ, ನೋಡಿದವರು ಮಾದರಿ ಸರಿಯಾಗಿದೆ ಎಂದುಕೊಳ್ಳುತ್ತಾರೆ. ತಪ್ಪಿಗೆ ಕಾರಣವಾದ ಗಾಳಿ, ಮೋಡ, ಕಡಲಿನ ದೋಷಗಳು ಒಳಗೆ ಹಾಗೆಯೇ ಉಳಿದಿರುತ್ತವೆ. ದಕ್ಷಿಣ ಏಷ್ಯಾಕ್ಕಾಗಿ 50 ಅಥವಾ 25 ಕಿಲೋಮೀಟರಿನ ಪ್ರಾದೇಶಿಕ ಮಾದರಿಗಳನ್ನು ಬಳಸಿದಾಗ ಘಟ್ಟ ಸ್ವಲ್ಪ ಸ್ಪಷ್ಟವಾಗುತ್ತದೆ. ಆದರೆ ಅವುಗಳ ಅಂಚಿನಿಂದ ಒಳಬರುವ ಗಾಳಿಯೂ ತೇವವೂ ದೊಡ್ಡ ಮಾದರಿಯಿಂದಲೇ ಬಂದದ್ದಾದ್ದರಿಂದ ಅದರ ದೋಷವೂ ಜೊತೆಗೇ ಬರುತ್ತದೆ.

ಇಷ್ಟನ್ನೂ ಓದಿ ಮಾದರಿಗಳೇ ಬೇಡ ಎಂದು ಯಾರಾದರೂ ತೀರ್ಮಾನಿಸಿದರೆ ನನ್ನ ಪತ್ರ ವ್ಯರ್ಥವಾದಂತೆ. ಮಳೆಯ ವಿಷಯದಲ್ಲಿಯೂ ಅವು ಗಟ್ಟಿಯಾಗಿ ಹೇಳುವ ಮಾತೊಂದಿದೆ. ಗಾಳಿ ಒಂದು ಡಿಗ್ರಿ ಬಿಸಿಯಾದರೆ ಅದು ಹಿಡಿದಿಡಬಲ್ಲ ನೀರಾವಿ ಸುಮಾರು ಶೇ 7ರಷ್ಟು ಹೆಚ್ಚುತ್ತದೆ. ಇದು ಹತ್ತೊಂಬತ್ತನೆಯ ಶತಮಾನದಿಂದ ಗೊತ್ತಿರುವ ನಿಯಮ, ಯಾವ ಅಂದಾಜಿನ ಸೂತ್ರವನ್ನೂ ಅವಲಂಬಿಸಿಲ್ಲ. ಆದ್ದರಿಂದ ಬಿದ್ದಾಗ ಬೀಳುವ ಮಳೆ ಹೆಚ್ಚು ರಭಸದ್ದಾಗುತ್ತದೆ, ವರ್ಷದಿಂದ ವರ್ಷಕ್ಕೆ ಏರುಪೇರು ಹೆಚ್ಚುತ್ತದೆ ಎಂಬುದನ್ನು ಗಂಭೀರವಾಗಿ ತೆಗೆದುಕೊಳ್ಳಲೇಬೇಕು. ಮಧ್ಯ ಭಾರತದಲ್ಲಿ ಒಂದೇ ದಿನದಲ್ಲಿ 150 ಮಿಲಿಮೀಟರಿಗೂ ಮೀರಿ ಬೀಳುವ ಮಳೆಯ ಪ್ರಸಂಗಗಳು 1950ರಿಂದ 2015ರ ನಡುವೆ ಸುಮಾರು ಶೇ 75ರಷ್ಟು ಹೆಚ್ಚಿದವು ಎಂದು ಮೇಲೆ ಹೇಳಿದ ಸಚಿವಾಲಯದ ವರದಿಯೇ ದಾಖಲಿಸಿದೆ. ಒಟ್ಟು ಮಳೆ ತಗ್ಗಿದ ಕಾಲದಲ್ಲಿಯೇ ರಭಸದ ಮಳೆ ಏರಿದೆ ಎಂಬುದನ್ನು ಇಲ್ಲಿ ಗಮನಿಸಬೇಕು.

ವಿಜಯಪುರ, ಬಾಗಲಕೋಟೆ, ಬೆಳಗಾವಿ ಈ ಮೂರು ಜಿಲ್ಲೆಗಳವರು ಇದನ್ನು ಅನುಭವಿಸಿದ್ದೇವೆ. 2009ರಲ್ಲಿ ದೇಶದ ಮುಂಗಾರು ಶೇ 22ರಷ್ಟು ಕೊರತೆಯಾಗಿ ಬರದ ವರ್ಷವೆಂದು ದಾಖಲಾಯಿತು. ಅದೇ ವರ್ಷ ಸೆಪ್ಟೆಂಬರಿನ ಕೊನೆ ಮತ್ತು ಅಕ್ಟೋಬರಿನ ಮೊದಲ ದಿನಗಳಲ್ಲಿ ಉತ್ತರ ಕರ್ನಾಟಕ ಪ್ರವಾಹದಲ್ಲಿ ಮುಳುಗಿತು. ಆ ಬೆಳಿಗ್ಗೆಗಳಲ್ಲಿ ಮಳೆಮಾಪಕದ ನೀರನ್ನು ಅಳತೆಪಾತ್ರೆಗೆ ಮತ್ತೆ ಮತ್ತೆ ತುಂಬಿ ಸುರಿದು, ಎಣಿಕೆ ತಪ್ಪಬಾರದೆಂದು ಒಬ್ಬ ವಿದ್ಯಾರ್ಥಿಯನ್ನು ಪಕ್ಕದಲ್ಲಿ ನಿಲ್ಲಿಸಿಕೊಂಡು ಗೋಡೆಯ ಮೇಲೆ ಸುಣ್ಣದಕಡ್ಡಿಯಿಂದ ಗೆರೆ ಎಳೆಸಿದ್ದು ಇಂದಿಗೂ ಕಣ್ಣಮುಂದಿದೆ. ಹಳ್ಳಿಯಲ್ಲಿ ಮಣ್ಣಿನ ಮಾಳಿಗೆ ಮನೆಗಳು ನೆನೆದು ಒಂದೊಂದಾಗಿ ಕುಸಿಯುತ್ತಿದ್ದ ಸದ್ದು ಶಾಲೆಯವರೆಗೂ ಕೇಳುತ್ತಿತ್ತು. 2019ರ ಆಗಸ್ಟಿನಲ್ಲಿ ಘಟ್ಟದ ಮಳೆಗೆ ಮಲಪ್ರಭೆ, ಘಟಪ್ರಭೆ, ಕೃಷ್ಣೆ ಮೂರೂ ಉಕ್ಕಿ ಗೋಕಾಕ, ರಾಮದುರ್ಗ, ಬಾದಾಮಿ, ಜಮಖಂಡಿಯ ಕಡೆಯ ಊರುಗಳು ನೀರಿನಲ್ಲಿ ನಿಂತವು. ನಾಲ್ಕು ವರ್ಷ ಕಳೆದು 2023ರಲ್ಲಿ, ದೇಶ 1901ರಿಂದೀಚೆಗೆ ಕಂಡ ಅತಿ ಒಣ ಆಗಸ್ಟ್ ಬಂದು, ರಾಜ್ಯದ ಬಹುತೇಕ ಎಲ್ಲ ತಾಲ್ಲೂಕುಗಳನ್ನೂ ಬರಪೀಡಿತವೆಂದು ಘೋಷಿಸಬೇಕಾಯಿತು. ಈ ವರ್ಷಗಳ ಮಳೆಯನ್ನು ಕೂಡಿಸಿ ಭಾಗಿಸಿದರೆ ಬರುವ ಸರಾಸರಿಯಲ್ಲಿ ಪ್ರವಾಹವೂ ಇಲ್ಲ, ಬರವೂ ಇಲ್ಲ.

ಹೊಸ ಪ್ರಯತ್ನಗಳು ಭರವಸೆ ಹುಟ್ಟಿಸುವಂತಿವೆ ಎಂಬುದನ್ನು ಸಂತೋಷದಿಂದ ಹೇಳುತ್ತೇನೆ. ಪುಣೆಯ ಭಾರತೀಯ ಉಷ್ಣವಲಯ ಹವಾಮಾನ ವಿಜ್ಞಾನ ಸಂಸ್ಥೆ ರೂಪಿಸಿದ, 6 ಕಿಲೋಮೀಟರಿನ ಚೌಕದ ಭಾರತ್ ಫೋರ್‌ಕಾಸ್ಟ್ ಸಿಸ್ಟಮ್ 2025ರ ಮೇ ತಿಂಗಳಲ್ಲಿ ಬಳಕೆಗೆ ಬಂದಿತು. ಅದಕ್ಕೆ ಮೊದಲು ಇದ್ದದ್ದು 12 ಕಿಲೋಮೀಟರಿನದು. ಇದು ಮುಂದಿನ ಕೆಲವು ದಿನಗಳ ಮುನ್ಸೂಚನೆಗಾಗಿ ಇರುವ ವ್ಯವಸ್ಥೆ. ಇಪ್ಪತ್ತೈದು ವರ್ಷದ ಆಚೆಗಿನ ಮಳೆಯ ಅಂದಾಜಿಗೂ ಇದಕ್ಕೂ ಇರುವ ವ್ಯತ್ಯಾಸವನ್ನು ವರದಿಗಳು ಸ್ಪಷ್ಟಪಡಿಸಬೇಕು. ದೀರ್ಘಕಾಲದ ಅಂದಾಜಿಗೂ ಮೋಡವನ್ನೇ ನೇರವಾಗಿ ಕಾಣಬಲ್ಲ ಸಣ್ಣ ಚೌಕ ಬಳಸಿದರೆ ಏನಾಗುತ್ತದೆ ಎಂಬುದನ್ನು ಬ್ರಿಟನ್ನಿನ ವಿಜ್ಞಾನಿಗಳು ಆಫ್ರಿಕಾ ಖಂಡಕ್ಕಾಗಿ 4.5 ಕಿಲೋಮೀಟರಿನ ಮಾದರಿ ನಡೆಸಿ 2019ರಲ್ಲಿ ತೋರಿಸಿದರು. ಮಳೆ ಬರುವ ಹೊತ್ತು ಸರಿಹೋಯಿತು, ರಭಸವೂ ನಿಜಕ್ಕೆ ಹತ್ತಿರ ಬಂತು. ಮುಂದಿನ ಕಾಲಕ್ಕೆ ಆ ಮಾದರಿ ಸಾಮಾನ್ಯ ಮಾದರಿಗಿಂತ ಹೆಚ್ಚು ರಭಸದ ಮಳೆಯನ್ನೂ, ಮಳೆಗಾಲದ ನಡುವೆಯೇ ಹೆಚ್ಚು ಉದ್ದದ ಒಣ ಅವಧಿಗಳನ್ನೂ ತೋರಿಸಿತು. ಎರಡೂ ಕಡೆಗೆ ಏಟು ಜೋರಾಗುತ್ತದೆ ಎಂಬ ಈ ಸುಳಿವು ನಮ್ಮಂಥ ಬಯಲುಸೀಮೆಗೆ ಬಹಳ ಮುಖ್ಯ. ಚೌಕದ ಬದಿಯನ್ನು ಅರ್ಧಕ್ಕಿಳಿಸಿದರೆ ಲೆಕ್ಕದ ಕೆಲಸ ಎಂಟು ಪಟ್ಟಿಗೂ ಮೇಲೆ ಏರುತ್ತದೆ. ಹಾಗಾಗಿ ಅಂಥ ಲೆಕ್ಕವನ್ನು ಹಲವು ಮಾದರಿಗಳಿಂದ, ಹಲವು ದಶಕಗಳಿಗೆ, ಇಡೀ ಭೂಮಿಗೆ ಮಾಡಿಸುವುದು ಇಂದಿನ ಕಂಪ್ಯೂಟರುಗಳಿಗೂ ಭಾರವಾಗಿದೆ.

ಆ ದಿನ ಬರುವವರೆಗೆ ತಮ್ಮಂಥ ಸಂಪಾದಕರಲ್ಲಿ ನನ್ನ ವಿನಂತಿ ಇಷ್ಟು. ಜಿಲ್ಲೆಯ ಹೆಸರು ಹಾಕಿ ಮಳೆಯ ಅಂಕಿಯನ್ನು ಅಚ್ಚು ಹಾಕುವಾಗ ಅದು ಎಷ್ಟು ಮಾದರಿಗಳಿಂದ ಬಂದದ್ದು, ಅತಿ ಕಡಿಮೆ ಹೇಳಿದ ಮಾದರಿ ಎಷ್ಟೆಂದಿತು, ಅತಿ ಹೆಚ್ಚು ಹೇಳಿದ್ದು ಎಷ್ಟೆಂದಿತು, ಚೌಕದ ಅಳತೆ ಎಷ್ಟು ಎಂಬುದನ್ನು ಒಂದು ಸಾಲಿನಲ್ಲಾದರೂ ಕೊಡಬೇಕು. ತಿದ್ದುಪಡಿಗೆ ಮುನ್ನ ಅವೇ ಮಾದರಿಗಳು ಕಳೆದ ಮೂವತ್ತು ವರ್ಷಗಳ ನಮ್ಮ ಸೆಪ್ಟೆಂಬರ್ ಮಳೆಯನ್ನು ಎಷ್ಟು ಸರಿಯಾಗಿ ತೋರಿಸಿದ್ದವು ಎಂದು ವರದಿಗಾರರು ವಿಜ್ಞಾನಿಗಳನ್ನು ಕೇಳಬೇಕು. ಸೆಪ್ಟೆಂಬರ್ ಎನ್ನುವುದಕ್ಕೆ ಕಾರಣ, ವಿಜಯಪುರ ಮತ್ತು ಬಾಗಲಕೋಟೆಗಳ ವರ್ಷದ ಮಳೆಯಲ್ಲಿ ಅತಿ ದೊಡ್ಡ ಪಾಲು ಆ ತಿಂಗಳಿನದೇ, ಹಿಂಗಾರಿ ನಿಂತಿರುವುದೂ ಅದರ ಮೇಲೆಯೇ. ಕೆರೆ, ಬಾಂದಾರ, ರಸ್ತೆಯ ಮೋರಿ, ಸೇತುವೆಗಳ ಅಳತೆ ನಿರ್ಧರಿಸುವ ಅಧಿಕಾರಿಗಳು ವರ್ಷದ ಸರಾಸರಿ ಎಷ್ಟು ಹೆಚ್ಚುತ್ತದೆ ಎಂಬ ಅಂಕಿಯನ್ನು ಬದಿಗಿಟ್ಟು, ಒಂದು ದಿನದಲ್ಲಿ, ಒಂದು ತಾಸಿನಲ್ಲಿ ಅತಿ ಹೆಚ್ಚು ಎಷ್ಟು ಬೀಳಬಹುದು, ಎರಡು ಮಳೆಗಳ ನಡುವೆ ಎಷ್ಟು ದಿನ ಬಿಡುವು ಬೀಳಬಹುದು ಎಂಬುದನ್ನು ಆಧಾರವಾಗಿ ಹಿಡಿಯಬೇಕು.

ಇನ್ನೊಂದು ಮಾತು ಮಳೆಮಾಪಕಗಳದ್ದು. ಮಾದರಿ ಸರಿಯೋ ತಪ್ಪೋ ಎಂದು ಹೇಳಬೇಕಾದರೆ ನೆಲದ ಮೇಲಿನ ಅಳತೆ ಬೇಕು. ಹವಾಮಾನ ಇಲಾಖೆಯು 6,955 ಮಳೆಮಾಪಕ ಕೇಂದ್ರಗಳ ದಾಖಲೆಗಳಿಂದ 1901ರಿಂದೀಚಿನ ದಿನದಿನದ ಮಳೆಯನ್ನು ಸುಮಾರು 25 ಕಿಲೋಮೀಟರಿನ ಚೌಕಗಳಲ್ಲಿ ಕೂಡಿಸಿಟ್ಟಿರುವುದು ದೊಡ್ಡ ಆಸ್ತಿ. ರಾಜ್ಯದ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರವು ಗ್ರಾಮ ಪಂಚಾಯಿತಿಗೊಂದರಂತೆ ಆರು ಸಾವಿರಕ್ಕೂ ಹೆಚ್ಚು ಸ್ವಯಂಚಾಲಿತ ಮಳೆಮಾಪಕಗಳನ್ನು ನಿಲ್ಲಿಸಿರುವುದು ಇನ್ನೂ ದೊಡ್ಡದು. ಆದರೆ ನಾನು ಕಂಡ ಕೆಲವು ಕಡೆ ಮಾಪಕದ ಬದಿಗೆ ಬೇವಿನ ಗಿಡ ಬೆಳೆದು ಟೊಂಗೆ ಮೇಲೆ ಚಾಚಿದೆ, ಒಂದು ಕಡೆ ಬಾಯಿಯಲ್ಲಿ ಹಕ್ಕಿ ಗೂಡು ಕಟ್ಟಿತ್ತು. ಟೊಂಗೆಯ ಕೆಳಗಿನ ಮಾಪಕ ತೋರಿಸುವ ಕಡಿಮೆ ಮಳೆ ಮಾದರಿಯ ಪರೀಕ್ಷೆಯನ್ನೂ ಕೆಡಿಸುತ್ತದೆ, ರೈತನ ಬೆಳೆವಿಮೆಯ ಲೆಕ್ಕಕ್ಕೂ ತೊಡಕಾಗಬಹುದು. ಗಿಡದ ಟೊಂಗೆ ಸವರುವುದಕ್ಕೆ ಯಾವ ಸೂಪರ್ ಕಂಪ್ಯೂಟರೂ ಬೇಡ, ಪಂಚಾಯಿತಿಯ ಒಬ್ಬ ಆಳಿನ ಅರ್ಧ ದಿನದ ಕೆಲಸ ಅದು.

ಹಳೆಯ ಕಚೇರಿ, ಶಾಲೆ, ಪ್ರವಾಸಿ ಮಂದಿರಗಳ ಕಪಾಟುಗಳಲ್ಲಿ ಕೈಬರಹದ ಮಳೆ ದಫ್ತರಗಳು ಇನ್ನೂ ಎಷ್ಟೋ ಇರಬೇಕು. ಗೆದ್ದಲು ಹಿಡಿಯುವ ಮುನ್ನ ಅವುಗಳ ಚಿತ್ರ ತೆಗೆದಿಟ್ಟರೆ ಮುಂದಿನ ಮಾದರಿಗಳನ್ನು ಒರೆಗೆ ಹಚ್ಚಲು ಉಪಯೋಗಕ್ಕೆ ಬರುತ್ತವೆ. ನನ್ನ ಬಳಿ ಇಪ್ಪತ್ತಾರು ವರ್ಷಗಳ ಪ್ರತಿಗಳಿವೆ. ಮೂರು ಜಿಲ್ಲೆಗಳ ಯಾವುದೇ ಕಾಲೇಜಿನ ಭೂಗೋಳ ವಿಭಾಗವಾಗಲಿ ಕೃಷಿ ಸಂಶೋಧಕರಾಗಲಿ ಕೇಳಿದರೆ ಅವನ್ನು ತಂದುಕೊಡಲು ಸಿದ್ಧನಿದ್ದೇನೆ. ಓದಲಾಗದ ಅಂಕಿಗಳಿದ್ದರೆ ಪಕ್ಕದಲ್ಲಿ ಕೂತು ಓದಿ ಹೇಳುತ್ತೇನೆ.

ತಮ್ಮ ವಿಶ್ವಾಸಿ,
ನಿವೃತ್ತ ವಿಜ್ಞಾನ ಶಿಕ್ಷಕ,
ಬಸವನ ಬಾಗೇವಾಡಿ ತಾಲ್ಲೂಕು, ವಿಜಯಪುರ ಜಿಲ್ಲೆ